ಬಂದೂಕು ಸಂತೆಯ ಬಾಗಿಲಲ್ಲಿ ನಾನು

ನನ್ನ ಹಳೆಯ ಡೈರಿಯಲ್ಲಿ 2014ರ ಅಕ್ಟೋಬರ್ 4, ಶನಿವಾರದ ಪುಟದಲ್ಲಿ ಇರುವುದು ಇಷ್ಟೇ: 'ವಿಜಯದಶಮಿ. ಹಾಲ್‌ನಲ್ಲಿ ಬಂದೂಕು ಪ್ರದರ್ಶನ. ಯಾರಿಗೂ ಏನೂ ಆಗಲಿಲ್ಲ.' ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಮದುವೆಯಾದಾಗಿನಿಂದ ಒಂದು ದಿನವೂ ತಪ್ಪಿಸದೆ ಡೈರಿ ಬರೆದವಳು ನಾನು. ಹೊಟ್ಟೆ ಹಿಡಿದುಕೊಂಡು ನಕ್ಕ ದಿನಕ್ಕೆ ಮಾತ್ರ ಎರಡು ಗೆರೆ.

ಆಕ್ಲೆಂಡಿನ ಈಸ್ಟ್ ತಮಾಕಿಯಲ್ಲಿ, ಗೋದಾಮುಗಳ ಸಾಲು ಮುಗಿಯುವಲ್ಲಿ ಒಂದು ಸಮುದಾಯ ಭವನವಿದೆ. ಎಲ್ಲರೂ ಅದನ್ನು ಹಾಲ್ ಅಂತಲೇ ಕರೆಯುತ್ತಿದ್ದರು. ಅದರ ಬುಕಿಂಗ್ ನೋಡಿಕೊಳ್ಳುವ ಕೆಲಸ ಹಲವು ವರ್ಷ ನನ್ನದಾಗಿತ್ತು. ಸೋಮವಾರ ಯೋಗ, ಬುಧವಾರ ಕೇಕಿನ ಅಲಂಕಾರ, ಶನಿವಾರ ಯಾರದೋ ಮದುವೆ, ವರ್ಷಕ್ಕೊಮ್ಮೆ ನಮ್ಮ ಕನ್ನಡದವರ ಯುಗಾದಿ, ಮತ್ತೆ ವರ್ಷಕ್ಕೊಮ್ಮೆ ಬಂದೂಕು ಸಂಗ್ರಹಿಸುವವರ ಸಂಘದ ಪ್ರದರ್ಶನ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದವಳು ಬೀಗದ ಕೈ ಗೊಂಚಲು ಸೊಂಟಕ್ಕೆ ಸಿಗಿಸಿಕೊಂಡು ಓಡಾಡುವುದನ್ನು ನೋಡಿ ಬಂಧುಗಳು ಮರುಗುತ್ತಿದ್ದರು. ಮರುಗುವಂಥದ್ದೇನೂ ಇರಲಿಲ್ಲ. ಧಾರವಾಡದಲ್ಲಿ ಓದಿದ ರಾಜ್ಯಶಾಸ್ತ್ರವೆಲ್ಲ ನನಗೆ ಉಪಯೋಗಕ್ಕೆ ಬಂದದ್ದೇ ಹಾಲ್‌ನ ಅಡುಗೆಮನೆಯ ಕಪ್ಪುಗಳು ಯೋಗದವರಿಗೋ ಕೇಕಿನವರಿಗೋ ಅನ್ನುವ ಜಗಳ ಬಿಡಿಸುವಾಗ. ಜನ ಸೇರುವ ಜಾಗದ ಬೀಗ ನಮ್ಮ ಕೈಯಲ್ಲಿದ್ದರೆ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಬಂದು ಬಾಗಿಲು ಬಡಿಯುತ್ತವೆ. ಅದರಲ್ಲೂ ಬಂದೂಕಿನವರು ಬಂದರೆ ಎರಡು ಸಲ ಬಡಿಯುತ್ತವೆ.

ತೋಪಿನ ಅಳತೆ

ಸಂಘದ ಅಧ್ಯಕ್ಷರು ಮೊದಲ ಸಲ ಹಾಲ್ ಕೇಳಲು ಬಂದಾಗ ಟೋಪಿ ಕೈಯಲ್ಲಿ ಹಿಡಿದು, ಮಗಳನ್ನು ಕೇಳಲು ಬಂದ ಬೀಗರ ಹಾಗೆ ಕುರ್ಚಿಯ ತುದಿಯಲ್ಲಿ ಕೂತರು. ಎಪ್ಪತ್ತು ದಾಟಿದ ಕಿವಿ ಮುದುಕರು. ಈ ದೇಶದವರು ತಮ್ಮನ್ನು ಕಿವಿ ಅಂತಲೇ ಕರೆದುಕೊಳ್ಳುತ್ತಾರೆ, ಆದರೆ ಇವರಿಗೆ ಒಂದು ಕಿವಿ ಸ್ವಲ್ಪ ಮಂದ.

"ನಿಮಗೆ ಬಂದೂಕು ಅಂದರೆ ಭಯ ಇಲ್ಲ ತಾನೆ?" ಅಂದರು.

"ನಾನು ವಿಜಯಪುರದವಳು. ನಮ್ಮೂರಿನ ಬುರುಜಿನ ಮೇಲಿನ ತೋಪು ನೋಡಿ ಬೆಳೆದವಳು" ಅಂದೆ.

ಮುದುಕರ ಕಣ್ಣು ಹೊಳೆಯಿತು. ಕುರ್ಚಿ ಮುಂದೆ ಎಳೆದುಕೊಂಡರು. "ಹೌದಾ! ಎಷ್ಟು ದೊಡ್ಡದು? ಬಾಯಿಯ ಅಳತೆ ಎಷ್ಟು?"

ಅಳತೆ ನನಗೇನು ಗೊತ್ತು? "ನಮ್ಮ ಸೋದರಮಾವ ಒಂದು ಬೇಸಿಗೆ ಮಧ್ಯಾಹ್ನ ಅದರೊಳಗೆ ಹೋಗಿ ನಿದ್ದೆ ಹೊಡೆದಿದ್ದ" ಅಂದೆ.

ಅವರು ಜೇಬಿನಿಂದ ಪೆನ್ಸಿಲ್ ತೆಗೆದು, ಗಂಭೀರವಾಗಿ ಕೇಳಿದರು: "ಮಾವ ದಪ್ಪವೋ, ತೆಳ್ಳಗೋ?"

ಕೋಟಿನೊಳಗಿನದು

ಪ್ರದರ್ಶನಕ್ಕೆ ಒಂದು ನಿಯಮ ಇತ್ತು. ಒಳಗೆ ಬರುವ ಒಂದೊಂದು ಬಂದೂಕನ್ನೂ ಬಾಗಿಲಲ್ಲೇ ತೆರೆದು, ಗುಂಡಿಲ್ಲ ಅಂತ ಸಂಘದವರೊಬ್ಬರು ಬೆರಳು ಹಾಕಿ ನೋಡಿ, ಪ್ಲಾಸ್ಟಿಕ್ ಪಟ್ಟಿ ಬಿಗಿಯಬೇಕು. ಬಂದವರ ಚೀಲ, ಕೋಟು ನೋಡುವುದು ನನ್ನ ಪಾಲಿಗೆ. ಅಧ್ಯಕ್ಷರೇ ನನ್ನನ್ನು ಆರಿಸಿದ್ದರು. "ನಮ್ಮವರನ್ನು ನಿಲ್ಲಿಸಿದರೆ ಗೆಳೆಯ ಅಂತ ಬಿಟ್ಟುಬಿಡುತ್ತಾರೆ. ನೀವು ಯಾರನ್ನೂ ಬಿಡುವವರ ಹಾಗೆ ಕಾಣುವುದಿಲ್ಲ" ಅಂದರು. ಹೊಗಳಿಕೆ ಅಂತಲೇ ಇಟ್ಟುಕೊಂಡಿದ್ದೇನೆ.

ಒಂದು ವರ್ಷ ಎಂಟಾಳು ಗಾತ್ರದ ರೈತನೊಬ್ಬ ಬಂದ. ಉಣ್ಣೆಯ ಕೋಟಿನ ಎಡಗಡೆ ಉಬ್ಬಿತ್ತು. ಅದರ ಮೇಲೆ ಕೈ ಇಟ್ಟುಕೊಂಡಿದ್ದ.

"ಕೋಟಿನೊಳಗೆ ಏನು?"

"ಏನಿಲ್ಲ."

"ತೆಗೆಯಿರಿ."

ತೆಗೆದ. ಕುರಿಮರಿ! ತಡವಾಗಿ ಹುಟ್ಟಿದ್ದು, ತಾಯಿ ಇಲ್ಲ, ಗಳಿಗೆಗೊಮ್ಮೆ ಹಾಲು ಕುಡಿಸಬೇಕು, ಮನೆಯಲ್ಲಿ ಬಿಟ್ಟು ಬರಲು ಹೆಂಡತಿ ಒಪ್ಪಲಿಲ್ಲ ಅಂದ. ನನ್ನ ಹಿಂದೆ ನಿಂತಿದ್ದ ಸಂಘದವರು, ನಿಯಮ ಅಂದರೆ ನಿಯಮ ಅಂತ, ಮುಖದಲ್ಲಿ ನಗುವೇ ಇಲ್ಲದೆ ಕೇಳಿದರು: "ತುಂಬಿದೆಯೋ, ಖಾಲಿಯೋ?"

"ಈಗಷ್ಟೇ ಒಂದು ಬಾಟಲಿ ಕುಡಿಸಿದೆ" ಅಂದ ರೈತ.

ಏನು ಮಾಡುವುದು ಅಂತ ನಾವು ಯೋಚಿಸುತ್ತಿರುವಾಗಲೇ ಮರಿ ಬಾಗಿಲ ಚಾಪೆಯ ಮೇಲೆ ತನ್ನ ಕೆಲಸ ಮುಗಿಸಿತು. ಖಾಲಿಯಾಯಿತು ಅಂತ ಒಳಗೆ ಬಿಟ್ಟೆವು.

ಅಮೆರಿಕದ ಅಳಿಯ

ಅಧ್ಯಕ್ಷರಿಗೆ ಒಬ್ಬಳೇ ಮಗಳು. ಅವಳು ಟೆಕ್ಸಾಸಿನವನನ್ನು ಮದುವೆಯಾಗಿ, ಅವನನ್ನು ಇಲ್ಲಿಗೇ ಕರೆದುಕೊಂಡು ಬಂದಳು. ಆರಡಿ ಮೇಲೆ ಎತ್ತರ, ಮಾತು ಮಾತಿಗೆ 'ಮ್ಯಾಮ್'. ನಮ್ಮ ಜೊತೆಗಿದ್ದ ಅತ್ತೆಯವರನ್ನು ಕಂಡರೆ ಟೋಪಿ ತೆಗೆಯುತ್ತಿದ್ದ. ಎಂಬತ್ತು ದಾಟಿದ ಅತ್ತೆ ಅಷ್ಟಕ್ಕೇ ಕರಗಿಹೋಗಿದ್ದರು. "ಛಲೋ ಅಳಿಯ ಅದಾನ ನೋಡು. ನಮ್ಮ ಅಳಿಯ ಒಂದಿನಾನೂ ನನಗ ಟೊಪಗಿ ತಗದಿಲ್ಲ" ಅನ್ನುತ್ತಿದ್ದರು. ನಾದಿನಿಯ ಗಂಡ ಟೊಪ್ಪಿಗೆ ಹಾಕುವವನೇ ಅಲ್ಲ ಅಂತ ನಾನು ಹೇಳಲು ಹೋಗಲಿಲ್ಲ.

ಈ ಅಳಿಯ ಸಂಘ ಸೇರಿದ ಮೇಲೆ ಒಂದು ಸೂಚನೆ ತಂದ. ಪರವಾನಗಿ ಇದ್ದವರು ಪ್ರದರ್ಶನಕ್ಕೆ ಗುಂಡು ತುಂಬಿದ ಪಿಸ್ತೂಲನ್ನು ಕೋಟಿನೊಳಗೆ ಇಟ್ಟುಕೊಂಡು ಬರಲು ಬಿಡಬೇಕು, ಕ್ಷೇಮಕ್ಕಾಗಿ. ಅವನ ಊರಿನ ಕಡೆ ಕೆಲವು ಪ್ರದರ್ಶನಗಳಲ್ಲಿ ಹಾಗೆ ಬಿಡುತ್ತಾರಂತೆ. ಈ ದೇಶದ ಕಾನೂನಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಇಲ್ಲದಿದ್ದರೇನು, ಸಂಘ ಒಂದು ನಿರ್ಣಯ ಮಾಡಿ ಸರ್ಕಾರವನ್ನು ಕೇಳಲಿ ಅಂತ ಅವನ ವಾದ. ಸಂಘದ ಹೊಸ ಸದಸ್ಯರಲ್ಲಿ ಸುಮಾರು ಜನ ತಲೆ ಆಡಿಸಿದರು.

ಹಾಲ್‌ನ ಟ್ರಸ್ಟಿನ ಅಧ್ಯಕ್ಷೆಗೆ ಇದು ಗೊತ್ತಾಯಿತು. ನನಗೆ ಫೋನ್ ಮಾಡಿ, "ಅಂಥ ನಿರ್ಣಯ ಪಾಸಾದ ದಿನವೇ ಅವರಿಗೆ ಹಾಲ್ ಬಂದ್" ಅಂದರು. ಅಷ್ಟು ಕಡಿಮೆ ಬಾಡಿಗೆಗೆ ಇನ್ನೊಂದು ಹಾಲ್ ಸಿಗುವುದಿಲ್ಲ. ಮುದುಕರು ಕಟ್ಟಿ ಬೆಳೆಸಿದ ಪ್ರದರ್ಶನ ಅಲ್ಲಿಗೆ ಮುಗಿದ ಹಾಗೆಯೇ. ಮಾವ ಅಳಿಯನ ಜೊತೆ ಮಾತು ಬಿಟ್ಟರು. ಭಾನುವಾರದ ಊಟ ನಿಂತಿತು. ಮಗಳು ನನ್ನ ಆಫೀಸಿಗೆ ಬಂದು, "ನೀವಾದರೂ ಅವನಿಗೆ ಹೇಳಿ ಆಂಟಿ" ಅಂತ ಕಣ್ಣೊರೆಸಿಕೊಂಡಳು. ಶನಿವಾರ ಮಧ್ಯಾಹ್ನ, ಪ್ರದರ್ಶನದ ನಡುವೆಯೇ ಸಂಘದ ಸಭೆ, ಅಲ್ಲೇ ಮತ.

ನಾನು ಅಳಿಯನನ್ನು ಕೂರಿಸಿ ಕೇಳಿದೆ. ಅವನು ಬಹಳ ವಿನಯದಿಂದಲೇ ಹೇಳಿದ: "ಮ್ಯಾಮ್, ಒಳ್ಳೆಯವರನ್ನೆಲ್ಲ ಬಾಗಿಲಲ್ಲಿ ಖಾಲಿ ಮಾಡಿಸಿ ಒಳಗೆ ಬಿಡುತ್ತೀರಿ. ಖಾಲಿ ಮಾಡದೆ ಕೆಟ್ಟವನೊಬ್ಬ ಬಂದರೆ?"

"ನನ್ನನ್ನು ದಾಟಿ ಬರಬೇಕಲ್ಲ!"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹೆಚ್ಚು ಹೊತ್ತು ಬೇಕಾಗಲಿಲ್ಲ. "ಮ್ಯಾಮ್, ತಪ್ಪು ತಿಳಿಯಬೇಡಿ. ನೀವು ಐದು ಅಡಿ."

"ಐದು ಅಡಿ ಒಂದು ಇಂಚು" ಅಂದೆ.

ಅವನು ಕ್ಷಮೆ ಕೇಳಿದ. ಸೂಚನೆ ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ.

ಖಂಡೇ ಪೂಜೆ

ಪ್ರದರ್ಶನದ ಹಿಂದಿನ ದಿನ ಶುಕ್ರವಾರ ಮಹಾನವಮಿ. ನಮ್ಮ ಕಡೆ ಅವತ್ತು ಖಂಡೇ ಪೂಜೆ. ಮನೆಯಲ್ಲಿ ಈಳಿಗೆ, ಅಡಕೊತ್ತು, ನನ್ನ ಮಗಳ ಲ್ಯಾಪ್‌ಟಾಪ್, ಅವಳ ಗಂಡನ ಪಿಕಪ್ ಗಾಡಿ ಎಲ್ಲಕ್ಕೂ ಕುಂಕುಮ ಬಿದ್ದಾಗಿತ್ತು. ಸಂಜೆ ಹಾಲ್‌ಗೆ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋದೆ. ಅಧ್ಯಕ್ಷರು ಕಾವಲಿಗೆ ಕೂತಿದ್ದರು. ಮೇಜುಗಳ ಮೇಲೆ ಸಾಲು ಸಾಲು ಬಂದೂಕು.

ಅತ್ತೆ ಬಾಗಿಲಲ್ಲೇ ನಿಂತು ಕೆನ್ನೆಗೆ ಕೈ ಹಚ್ಚಿದರು. "ಖಂಡೇ ಪೂಜಿ ದಿವಸ ಇಷ್ಟು ಆಯುಧ ಒಂದೇ ಕಡೆ, ಒಂದಕ್ಕೂ ಕುಂಕುಮ ಇಲ್ಲ! ಇವ್ರ ಮನ್ಯಾಗ ಹೆಣ್ಮಕ್ಕಳು ಇಲ್ಲೇನ?"

"ಏನಂತಾರೆ?" ಅಂದರು ಅಧ್ಯಕ್ಷರು.

"ನಿಮ್ಮ ಬಂದೂಕಿಗೆ ಆಶೀರ್ವಾದ ಮಾಡಬೇಕಂತೆ."

ಮುದುಕರಿಗೆ ಆಗ ಯಾರ ಆಶೀರ್ವಾದವಾದರೂ ಬೇಕಾಗಿತ್ತು. "ಮರದ ಭಾಗಕ್ಕೆ ಮಾತ್ರ, ಕಬ್ಬಿಣಕ್ಕೆ ಬೇಡ" ಅಂದರು. ನಾನು ಅತ್ತೆಗೆ ಅದನ್ನು ಸ್ಪಷ್ಟವಾಗಿ ಹೇಳಿ, ಆಫೀಸಿಗೆ ಹೋಗಿ ಒಂದು ಫೋನ್ ಮುಗಿಸಿ ಬಂದೆ. ಅಷ್ಟರಲ್ಲಿ ಎರಡು ಸಾಲು ಮುಗಿದಿತ್ತು. ಮರ, ಕಬ್ಬಿಣ, ಬೆಲೆಯ ಚೀಟಿ, ಎಲ್ಲಕ್ಕೂ ಅರಿಶಿನ ಕುಂಕುಮ. ಏರಿಸಿದ ಹೂವು ಜಾರಿ ಬೀಳುತ್ತದೆ ಅಂತ ಅತ್ತೆ ಹಿತ್ತಲಿನ ಬಿಳಿ ಡೇಸಿಗಳನ್ನು ಕಿತ್ತು ತಂದು ಒಂದೊಂದು ನಳಿಗೆಯ ಬಾಯಿಗೂ ಒಂದೊಂದು ಸಿಕ್ಕಿಸಿದ್ದರು. ಅಧ್ಯಕ್ಷರು ಟೋಪಿ ತೆಗೆದು ಹಿಂದೆ ಹಿಂದೆ ಹೂವಿನ ಬುಟ್ಟಿ ಹಿಡಿದುಕೊಂಡು ನಡೆಯುತ್ತಿದ್ದರು.

"ಕಬ್ಬಿಣಕ್ಕೆ ಬ್ಯಾಡ ಅಂದಿದ್ರಲ್ಲ ಅತ್ತೀ?" ಅಂದೆ.

"ಗುಂಡು ಮರದಾಗಿಂದ ಬರ್ತದೇನ?" ಅಂದರು.

ಬೆಳಿಗ್ಗೆ ಬೇಗ ಬಂದು ಹತ್ತಿಯಲ್ಲಿ ಒರೆಸಲು ಶುರು ಮಾಡಿದೆವು. ಮುಗಿಯುವ ಮೊದಲೇ ಜನ ಬಂದರು. ಇಂಗ್ಲೆಂಡಿನಲ್ಲಿ ಮಾಡಿದ ಹಳೆಯ ಜೋಡುನಳಿಗೆಯೊಂದನ್ನು ಅದರ ಯಜಮಾನ ನಾಲ್ಕು ವರ್ಷದಿಂದ ತಂದು ತಂದು ವಾಪಸ್ ಒಯ್ಯುತ್ತಿದ್ದ. ಅವತ್ತು ಒಬ್ಬ ಗಿರಾಕಿ ಅದರ ಮೇಲಿನ ಕೆಂಪು ಗುರುತು ನೋಡಿ ಏನಿದು ಅಂತ ಕೇಳಿದ. ಯಜಮಾನ ಅಡುಗೆಮನೆಯ ಕಡೆ, ಅತ್ತೆಯ ಕಡೆ ನೋಡಿ, "ಇದಕ್ಕೆ ಭಾರತದ ನಂಟಿದೆ" ಅಂದ. ಚೌಕಾಸಿಯೇ ಇಲ್ಲದೆ ಮಾರಾಟವಾಯಿತು. ಉಳಿದವರು ನಮ್ಮ ಕೈಯಿಂದ ಹತ್ತಿ ಕಸಿದುಕೊಂಡು, ಒರೆಸುವುದು ಸಾಕು ಅಂದರು.

ಮತದಾನ

ಶನಿವಾರ ವಿಜಯದಶಮಿ. ದಸರೆಗೆ ಹೋಳಿಗೆ ಇಲ್ಲ ಅಂದರೆ ನಮ್ಮ ಅತ್ತೆಯ ಪಾಲಿಗೆ ದಸರೆಯೇ ಬಂದಿಲ್ಲ. ನಾನು ಬೆಳಗಿನಿಂದ ಬಾಗಿಲು ಬಿಡುವ ಹಾಗಿಲ್ಲ. ಆದ್ದರಿಂದ ಹಾಲ್‌ನ ಅಡುಗೆಮನೆಯಲ್ಲೇ ಅತ್ತೆ ಕಡಲೆಬೇಳೆ ಕುಕ್ಕರಿಗೆ ಹಾಕಿ ಕೂತಿದ್ದರು. ಆ ಅಡುಗೆಮನೆಗೆ ಒಂದು ದೊಡ್ಡ ಕಿಟಕಿ, ಚಹಾ ಕೊಡಲು. ಅದು ತೆರೆಯುವುದು ಹಾಲ್‌ಗೆ. ಸಭೆಗೆ ಕುರ್ಚಿ ಹಾಕಿದ್ದು ಆ ಕಿಟಕಿಯ ಮುಂದೆಯೇ. ಈ ದೇಶದಲ್ಲಿ ಕುಕ್ಕರಿನ ಸೀಟಿ ಕೇಳಿದವರು ಕಡಿಮೆ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಅಳಿಯ ಎದ್ದು ನಿಂತ. ಚೆನ್ನಾಗಿ ಮಾತಾಡಿದ, ಸುಳ್ಳು ಹೇಳಬಾರದು. ತಲೆ ಆಡಿಸುವವರು ಹೆಚ್ಚುತ್ತಾ ಹೋದರು. ಮುದುಕರು ಟೋಪಿ ಹಿಂಡುತ್ತಾ ಕೂತಿದ್ದರು. "ತರಬೇತಿ ಪಡೆದ ಮನುಷ್ಯ ಗಾಬರಿ ಆಗುವುದಿಲ್ಲ. ಸದ್ದಾದರೆ ಮೊದಲು ನೋಡುತ್ತಾನೆ, ಯೋಚಿಸುತ್ತಾನೆ, ಆಮೇಲೆ…" ಅಂದ.

ಆಗ ಬಂತು ಮೊದಲನೆಯ ಸೀಟಿ.

ತಗಡಿನ ಚಾವಣಿಯ ಹಾಲ್. ರೈಲು ಒಳಗೆ ನುಗ್ಗಿದ ಹಾಗಾಯಿತು. ಅರ್ಧ ಜನ ನೆಲಕ್ಕೆ. ಖಜಾಂಚಿ ಮೇಜಿನ ಕೆಳಗೆ. ಅಧ್ಯಕ್ಷರು ಮೇಜಿನ ಕೆಳಗಿದ್ದ ಖಜಾಂಚಿಯ ಕೆಳಗೆ. ಅಳಿಯ ಮಾತ್ರ ಗಿರ್ರನೆ ತಿರುಗಿ ಮಂಡಿಯೂರಿದ. ಬಲಗೈ ಕೋಟಿನೊಳಗೆ ಹೋಗಿ ಹೊರಗೆ ಬಂತು, ಎರಡು ಬೆರಳು ಚಾಚಿ ಕಿಟಕಿಗೆ ಗುರಿ ಹಿಡಿಯಿತು. ಬೆರಳಿನ ಎದುರಿಗೆ, ತಲೆ ಮೇಲೆ ಇಳಕಲ್ ಸೀರೆಯ ಸೆರಗು ಹೊದ್ದ ನಮ್ಮ ಅತ್ತೆ, ಕೈಯಲ್ಲಿ ಸೌಟು.

ಅತ್ತೆ ಒಂದು ಗಳಿಗೆ ಎಲ್ಲರನ್ನೂ ನೋಡಿದರು. ಬಿದ್ದವರನ್ನು ಸಮಾಧಾನ ಮಾಡಬೇಕು ಅನ್ನಿಸಿತೋ ಏನೋ, ಮೆತ್ತಗೆ ಅಂದರು: "ಇನ್ನ ಎರಡು ಅದಾವ."

"ಏನಂತಾರೆ?" ಅಂತ ನೆಲದಿಂದ ಯಾರೋ ಕೇಳಿದರು.

"ಇನ್ನೂ ಎರಡು ಇವೆಯಂತೆ" ಅಂದೆ, ಬಾಗಿಲಿನಿಂದಲೇ.

ಏಳುತ್ತಿದ್ದವರು ಮತ್ತೆ ಮಲಗಿದರು.

ಎರಡನೆಯ ಸೀಟಿಯೂ ಆಯಿತು. ನಾನು ಓಡಿ ಬಂದು, ಇದು ಬೇಳೆ, ಬರೀ ಬೇಳೆ ಅಂತ ಕೂಗಿ ಹೇಳಿದೆ. ಅಳಿಯ ಮಂಡಿಯ ಮೇಲೆಯೇ ಇದ್ದ. ತನ್ನ ಎರಡು ಬೆರಳು ನೋಡಿಕೊಂಡ. ಮುಖ ಬಿಳಿಚಿತ್ತು. "ಮ್ಯಾಮ್, ಕೈ ನನ್ನನ್ನು ಕೇಳಲೇ ಇಲ್ಲ. ತಾನಾಗಿ ಹೋಯಿತು. ಇದರಲ್ಲಿ ಪಿಸ್ತೂಲು ಇದ್ದಿದ್ದರೆ ನಾನು ಈ ಅಜ್ಜಿಯನ್ನು…"

"ಅಜ್ಜಿಗೆ ಏನೂ ಆಗುತ್ತಿರಲಿಲ್ಲ" ಅಂತ ಮೇಜಿನ ಕೆಳಗಿನಿಂದ ಮಾವನ ದನಿ ಬಂತು. "ನಿನ್ನ ಗುರಿ ನಾನು ನೋಡಿದ್ದೇನೆ. ನನಗೇ ಬೀಳುತ್ತಿತ್ತು."

ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ ಮಾವ ಅಳಿಯನಿಗೆ ಆಡಿದ ಮೊದಲ ಮಾತು ಅದು. ಅಳಿಯ ನಕ್ಕುಬಿಟ್ಟ. ಕೈ ಕೊಟ್ಟು ಮಾವನನ್ನು ಹೊರಗೆ ಎಳೆದ. ಸೂಚನೆ ಹಿಂದೆ ತೆಗೆದುಕೊಂಡಿದ್ದೇನೆ ಅಂದ. ಕಾರ್ಯದರ್ಶಿ ಮಾತ್ರ, ಮತ ಅಂತ ಕಾರ್ಯಕ್ರಮದಲ್ಲಿದೆ, ಆಗಲೇಬೇಕು ಅಂತ ಹಟ ಹಿಡಿದರು. ತುಂಬಿದ ಪಿಸ್ತೂಲು ಬೇಡ ಅನ್ನುವವರು ಕೈ ಎತ್ತಿ ಅಂದರು. ನಿಂತವರು, ಕೂತವರು, ಮಲಗಿದವರು, ಎಲ್ಲರೂ ಎತ್ತಿದರು. ಅಳಿಯನೂ ಎತ್ತಿದ. ಹೊರಗಿನವಳು ಅಂತ ಎಣಿಸುವ ಕೆಲಸ ನನಗೆ ಕೊಟ್ಟರು. ಎಣಿಕೆ ಅರ್ಧಕ್ಕೆ ಬಂದಿತ್ತು, ಮೂರನೆಯ ಸೀಟಿ ಹೊಡೆಯಿತು. ಎತ್ತಿದ ಕೈಗಳೆಲ್ಲ ಒಮ್ಮೆಗೇ ತಲೆಯ ಮೇಲೆ ಹೋದವು. ಮತ್ತೆ ಮೊದಲಿನಿಂದ ಎಣಿಸಬೇಕಾಯಿತು.

ತಮ್ಮ ಕುಕ್ಕರಿಗೆ ಹೆದರಿ ಬಿದ್ದವರು ಹಸಿದುಕೊಂಡು ಹೋಗಬಾರದು ಅಂತ ಅತ್ತೆ ಪಟ್ಟು ಹಿಡಿದರು. ಎಲ್ಲರಿಗೂ ಹೋಳಿಗೆ ಆಯಿತು. ಖರ್ಚು ಹೀಗಿದೆ: ಬೇಳೆ, ಬೆಲ್ಲ, ಮೈದಾ, ತುಪ್ಪ ಇಪ್ಪತ್ತಮೂರು ಡಾಲರ್. ಕುಂಕುಮ ತೆಗೆಯಲು ಬಂದೂಕಿನ ಎಣ್ಣೆ ಎರಡು ಬಾಟಲಿ, ಇಪ್ಪತ್ತೆಂಟು. ಹತ್ತಿ ಆರು. ಮೇಜಿನ ಕೆಳಗೆ ಹರಿದ ಖಜಾಂಚಿಯ ಪ್ಯಾಂಟಿನ ಮೊಣಕಾಲು ಹೊಲಿಸಲು ಹದಿನಾಲ್ಕು. ಒಟ್ಟು ಎಪ್ಪತ್ತೊಂದು ಡಾಲರ್. ಅರ್ಧ ಮಾವ ಕೊಟ್ಟರು, ಅರ್ಧ ಅಳಿಯ ಕೊಟ್ಟ.