ಕಡಲಸಿಂಹ ಏಳುವವರೆಗೆ

ನಾನು: ಕಾನೂನು ಅಂದ್ರೆ ಕಾನೂನು, ಅತ್ತೆ! ಪ್ರಾಣಿಯಿಂದ ಎರಡು ಮೀಟರ್ ದೂರ ಇರಬೇಕು. ನಾನೇನ್ ಮಾಡ್ಲಿ?

ಅತ್ತೆ: ದೂರ ನಿಂತೇ ಹೇಳು, ನಿನ್ನ ರಬ್ಬರ್ ಪಾದ ಅದರ ಹೊಟ್ಟೆ ಕೆಳಗೆ ಹೇಗೆ ಹೋಯ್ತು?

ದಡದ ಕಲ್ಲುಬೆಂಚಿನ ಮೇಲೆ ಎಮ್ಮೆಯಂಥ ಕಡಲಸಿಂಹ ಗೊರಕೆ ಹೊಡೆಯುತ್ತಿತ್ತು. ಅದರಡಿಯಲ್ಲಿ ನಾನು ಈಜಲು ಹಾಕಿಕೊಳ್ಳಬೇಕಾದ ರಬ್ಬರ್ ಪಾದಗಳು. ಇವತ್ತು ಶಾಲೆಯ ಮಕ್ಕಳು ಮೊದಲ ಸಲ ಉಸಿರಾಡುವ ಸ್ನಾರ್ಕೆಲ್ ಕೊಳವೆ ಕಚ್ಚಿಕೊಂಡು ನೀರೊಳಗಿನ ಆಮೆ ನೋಡುವ ದಿನ. ಮನೆಯವರೊಬ್ಬರು ಜೊತೆಗೆ ನೀರಿಗಿಳಿಯದಿದ್ದರೆ ಮಗುವೂ ಇಳಿಯುವಂತಿಲ್ಲ. ಗಂಡ ಪ್ರವಾಸಿಗರನ್ನು ದೋಣಿ ಹತ್ತಿಸಿಕೊಂಡು ಪಕ್ಕದ ದ್ವೀಪಕ್ಕೆ ಹೋಗಿದ್ದ. ಅತ್ತೆಗೆ ಮಂಡಿನೋವು. ಉಳಿದವಳು ನಾನು. ಕಡಲಿಲ್ಲದ ಬೆಟ್ಟದೂರು ಕಿತೋ ನಗರದಲ್ಲಿ ಓದಿ, ಮದುವೆಯಾಗಿ ಈ ಗಲಾಪಗೋಸ್ ದ್ವೀಪಕ್ಕೆ ಬಂದು ಏಳು ವರ್ಷವಾದರೂ ಬಕೆಟ್ ನೀರಿಗೂ ಆಳ ಕೇಳುವವಳು.

ಅತ್ತೆ: ಹನ್ನೊಂದು ಗಂಟೆಗೆ ಅದು ಅದೇ ಬೆಂಚಿಗೆ ಬರತ್ತೆ ಅಂತ ಊರಿಗೇ ಗೊತ್ತು. ಬೇಕಂತಲೇ ಅಲ್ಲಿಟ್ಟೆ.

ನಾನು: ಮರೆತುಹೋಯ್ತು ಅತ್ತೆ.

ಅತ್ತೆ: ಮೂರು ಟವೆಲ್, ನಾಲ್ಕು ಥರ ಔಷಧಿ, ಒಂದು ಸೀಟಿ, ಇವೆಲ್ಲ ಮರೀಲಿಲ್ಲ!

ನಾನು: ಸೀಟಿ, ಶಾರ್ಕ್ ಬಂದ್ರೆ ಊದೋಕೆ.

ಅತ್ತೆ: ಪೊಲೀಸ್ ಬಂದ್ರು ಅಂತ ಶಾರ್ಕ್ ಓಡಿಹೋಗತ್ತಾ?

ಮಗಳು ನಯೇಲಿ ಈಜುಕನ್ನಡಕ ಹಾಕಿಕೊಂಡೇ ಅಳುತ್ತಿದ್ದಳು. ಒಳಗೆ ಕಣ್ಣೀರು ಮೂಗಿನ ಮಟ್ಟಕ್ಕೆ ಬಂದಿತ್ತು.

ನಯೇಲಿ: ಅಮ್ಮಾ, ಎಲ್ಲಾರೂ ಇಳಿದ್ರು.

ನಾನು: ಅದು ಎದ್ದ ತಕ್ಷಣ ಹೋಗೋಣ, ಚಿನ್ನ.

ನಯೇಲಿ: ಅದು ಸಂಜೆವರೆಗೂ ಏಳಲ್ಲ. ಅದಕ್ಕೇ ತಾನೇ ನೀನು ಅಲ್ಲಿಟ್ಟಿದ್ದು?

ನನ್ನ ನಾಟಕ ನಂಬಿದ್ದು ಬೆಂಚಿನ ಮೇಲಿದ್ದ ಪ್ರಾಣಿ ಒಂದೇ. ಅತ್ತೆ ಚೀಲದಿಂದ ತಮ್ಮ ಹಳೇ ರಬ್ಬರ್ ಪಾದಗಳನ್ನು ತೆಗೆದರು.

ಅತ್ತೆ: ಬೆಳಿಗ್ಗೆಯೇ ಚೀಲಕ್ಕೆ ಹಾಕ್ಕೊಂಡು ಬಂದೆ. ಕಡಲಸಿಂಹದ ಅಭ್ಯಾಸ ಗೊತ್ತು, ಸೊಸೆದೂ ಗೊತ್ತು.

ಇಳಿದೆ. ಮಗಳ ಕೈ ನಾನು ಹಿಡಿದೆನೋ, ನನ್ನ ಕೈ ಅವಳು ಹಿಡಿದಳೋ. ಕರಿಯ ಲಾವಾಬಂಡೆಗಳ ನಡುವೆ ದೊಡ್ಡ ಆಮೆಯೊಂದು ಹಸುವಿನ ಹಾಗೆ ಪಾಚಿ ಮೇಯುತ್ತಿತ್ತು. ಕೊಳವೆಯೊಳಗೇ ಕಿರುಚಿದೆ. ಆಮೆ ತಲೆಯೆತ್ತಿ ನನ್ನನ್ನು ನೋಡಿತು, ಸರಿಯಾಗಿ ಎರಡು ಮೀಟರ್ ದೂರ ಸರಿಯಿತು, ಮತ್ತೆ ಮೇಯತೊಡಗಿತು. ನಯೇಲಿ ನಕ್ಕ ಗುಳ್ಳೆಗಳು ನನ್ನ ಮುಖಕ್ಕೆ ಬಡಿದವು. ಆಮೇಲೆ ಎಷ್ಟು ಹೊತ್ತು ಹೋಯಿತೋ, ಭಯಪಡಲು ನೆನಪೇ ಆಗಲಿಲ್ಲ.

ಚಳಿಗೆ ನಡುಗುತ್ತಾ ಮೇಲೆ ಬಂದರೆ ಬೆಂಚಿನ ಮೇಲೆ ನನ್ನ ರಬ್ಬರ್ ಪಾದಗಳು ಮಾತ್ರ! ಕಡಲಸಿಂಹ ನೆರಳಿಗೆ ಸರಿದು ನನ್ನ ಬಟ್ಟೆ, ಮೂರೂ ಟವೆಲ್, ಮನೆಯ ಬೀಗದಕೈ ಎಲ್ಲದರ ಮೇಲೆ ಮೈಚಾಚಿತ್ತು.

ನಾನು: ಅತ್ತೆ, ಸ್ವಲ್ಪ ಅದನ್ನ ಎಬ್ಬಿಸಿ...

ಅತ್ತೆ (ಬಾಳೆಕಾಯಿ ಉಂಡೆ ಕಚ್ಚುತ್ತಾ): ಕಾನೂನು ಅಂದ್ರೆ ಕಾನೂನು, ಮರಿಸೋಲ್.

ನಯೇಲಿ (ಮತ್ತೆ ಕನ್ನಡಕ ಏರಿಸುತ್ತಾ): ಅದು ಸಂಜೆವರೆಗೂ ಏಳಲ್ಲ. ಬಾ ಅಮ್ಮಾ, ಅಲ್ಲಿವರೆಗೂ ನೀರಲ್ಲೇ ಇರೋಣ!