ನಮ್ಮ ಕಾರಿಗೆ ಮೂಗು ಇಟ್ಟ ಕತೆ

ಓದುವ ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ನಾನು ಬರೆದು ಪಳಗಿದವನಲ್ಲ. ಗುಂಡ್ಲುಪೇಟೆ ಕಡೆಯವನು. ಅರ್ಧಕ್ಕೇ ಶಾಲೆ ಬಿಟ್ಟು ಮೈಸೂರಿಗೆ ಬಂದು, ಮದುವೆಯಾದ ಮೇಲೆ ಹೆಂಡತಿಯ ಹತ್ತಿರ ಪಾಠ ಹೇಳಿಸಿಕೊಂಡು ಎಸ್ಸೆಸ್ಸೆಲ್ಸಿ ಪಾಸು ಮಾಡಿದವನು. ಈಗ ಕಂಪ್ಯೂಟರಿನ ಮುಂದೆ ಕೂತು ಒಂದೇ ಬೆರಳಿನಲ್ಲಿ ಇದನ್ನು ಕುಟ್ಟುತ್ತಿದ್ದೇನೆ. ಒಂದು ಒತ್ತಕ್ಷರ ಹುಡುಕಿ ಹಾಕುವಷ್ಟರಲ್ಲಿ ಮುಂದಿನ ಮಾತು ಏನಿತ್ತೆಂಬುದೇ ಮರೆತುಹೋಗುತ್ತದೆ. ಹಾಗಾಗಿ ತಪ್ಪು ಕಂಡರೆ ಮನೆಯವರ ತಪ್ಪು ಎಂದುಕೊಂಡು ಹೊಟ್ಟೆಗೆ ಹಾಕಿಕೊಳ್ಳಬೇಕು.

ಕೆಲವರ ಕೈ ತಾನಾಗಿ ಸುಮ್ಮನಿರುತ್ತದೆ. ಊಟವಾದ ಮೇಲೆ ತೊಡೆಯ ಮೇಲೆ ಮಲಗಿಬಿಡುತ್ತದೆ. ನನ್ನ ಕೈಗೆ ಆ ಪುಣ್ಯವಿಲ್ಲ. ಚೆನ್ನಾಗಿ ತಿರುಗುತ್ತಿರುವ ಫ್ಯಾನನ್ನು ಕಂಡರೆ ಇನ್ನೂ ಚೆನ್ನಾಗಿ ತಿರುಗಬಹುದಲ್ಲ ಅನ್ನಿಸುತ್ತದೆ. ಆ ಯೋಚನೆ ಬಂತೆಂದರೆ ಮುಗಿಯಿತು, ಸ್ಟೂಲು ಎಳೆದುಕೊಂಡು ಹತ್ತುವವರೆಗೆ ನನಗೆ ನೆಮ್ಮದಿಯಿಲ್ಲ. ನಾನು ಒಮ್ಮೆ ಬಿಚ್ಚಿ ಸರಿಮಾಡಿದ ಗೋಡೆ ಗಡಿಯಾರ ಅವತ್ತಿನಿಂದ ಅಂಗಾತ ಮಲಗಿಸಿದರೆ ಮಾತ್ರ ನಡೆಯುತ್ತದೆ. ಹಾಗಾಗಿ ಅದು ಶೋಕೇಸಿನ ಮೇಲೆ ಮಲಗಿದೆ. ಬಂದವರು ಬಾವಿ ಇಣುಕಿದ ಹಾಗೆ ಬಗ್ಗಿ ಟೈಮು ನೋಡುತ್ತಾರೆ. ಇಷ್ಟಕ್ಕೂ ನಾನೇನು ಮೆಕ್ಯಾನಿಕ್ ಅಲ್ಲ. ಕಡಕೊಳದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ನೋಡಿಕೊಳ್ಳುವವನು. ದಿನವೆಲ್ಲ ಡಬ್ಬ ಮುಚ್ಚಿಸುವ ಕೆಲಸವಾದ್ದರಿಂದ ಮನೆಗೆ ಬಂದ ಕೂಡಲೇ ಏನಾದರೂ ಬಿಚ್ಚಬೇಕು ಅನ್ನಿಸುತ್ತದೋ ಏನೋ.

ಎರಡು ಸಾವಿರದ ಇಸವಿ ಆಸುಪಾಸಿನಲ್ಲಿ ನಾವು ಒಂದು ಪುಟ್ಟ ಕಾರು ಕೊಂಡೆವು. ನಮಗಿಂತ ಮುಂಚೆ ಅದು ಯಾರ್ಯಾರ ಮನೆ ಕಂಡಿತ್ತೋ ಗೊತ್ತಿಲ್ಲ. ರಾಜೀವನಗರದ ನಮ್ಮ ಬೀದಿಯಲ್ಲಿ ಅದು ಸಲೀಸಾಗಿ ಓಡುತ್ತಿತ್ತು. ಅದರ ಬಂಡವಾಳ ಬಯಲಾದದ್ದು ಚಾಮುಂಡಿ ಬೆಟ್ಟದಲ್ಲಿ. ಕೊಂಡ ವರ್ಷದ ನವರಾತ್ರಿಯಲ್ಲಿ ಅತ್ತೆ ಮಾವನನ್ನು ಕೂರಿಸಿಕೊಂಡು ಹೊರಟಿದ್ದೆ. ಎರಡು ತಿರುವು ದಾಟುವಷ್ಟರಲ್ಲಿ ಕಾರು ಗೂರಲು ಬಂದವರ ಹಾಗೆ ಏದುಸಿರು ಬಿಡತೊಡಗಿತು. ಎಲ್ಲರೂ ಇಳಿದು ನಡೆದರು, ನಾನೊಬ್ಬನೇ ಕಾರನ್ನು ಸಮಾಧಾನ ಮಾಡುತ್ತಾ ಮೇಲಕ್ಕೆ ತಂದೆ. ಅಷ್ಟು ಹೊತ್ತಿಗೆ ಮಾವ ಪೂಜೆ ಮುಗಿಸಿ ಒಡೆದ ತೆಂಗಿನಕಾಯಿ ಹಿಡಿದು ನಿಂತಿದ್ದರು. ಕಾರಿನ ಬೆನ್ನು ತಟ್ಟಿ ಅದಕ್ಕೆ ಒಂದು ಚೂರು ಕಾಯಿ ಕೊಡುವವರ ಹಾಗೆ ಮುಂದೆ ಹಿಡಿದು, ಆಮೇಲೆ ನನಗೆ ಕೊಟ್ಟರು.

ನಮ್ಮ ಮಾವ ಮಹದೇವಪ್ಪನವರದು ದೇವರಾಜ ಮೊಹಲ್ಲಾದಲ್ಲಿ ಗ್ರಂಧಿಗೆ ಅಂಗಡಿ. ವಿಭೂತಿ, ಕರ್ಪೂರ, ಸಾಂಬ್ರಾಣಿ, ಅರಿಶಿನ, ಕುಂಕುಮ ಎಲ್ಲ ಸಿಗುತ್ತಿದ್ದ ಅಂಗಡಿ. ಅವರು ಪಕ್ಕದಲ್ಲಿ ಹಾದರೆ ಒಂದು ಸಣ್ಣ ಗುಡಿ ಹಾದುಹೋದ ಹಾಗೆ ಘಮ ಬರುತ್ತಿತ್ತು. ಹುಡುಗರಾಗಿದ್ದಾಗಿನಿಂದ ನಮ್ಮ ಕಾರು ಬರುವವರೆಗೆ ಪ್ರತಿ ನವರಾತ್ರಿಗೂ ಮೆಟ್ಟಿಲಲ್ಲೇ ಬೆಟ್ಟ ಹತ್ತಿ, ಮೊದಲು ಮಹಾಬಲೇಶ್ವರನಿಗೆ, ಆಮೇಲೆ ಅಮ್ಮನವರಿಗೆ ಕೈ ಮುಗಿದು ಬಂದವರು. ಒಂದು ವರ್ಷವೂ ತಪ್ಪಿಸಿರಲಿಲ್ಲ. ಕಾರು ಕೊಂಡ ಮರುವರ್ಷ ಮಂಡಿ ಕೈಕೊಟ್ಟಿತು. ಮನೆಯೊಳಗೇ ಕೋಲು ಹಿಡಿದು ಓಡಾಡುವ ಹಾಗಾಯಿತು. ನನ್ನ ಹೆಂಡತಿ ಗಿರಿಜೆ ಟ್ಯಾಕ್ಸಿ ಮಾಡೋಣ ಅಂದಳು. ಅಳಿಯನ ಮನೆಯಲ್ಲಿ ಕಾರು ನಿಂತಿರುವಾಗ ಬಾಡಿಗೆ ಗಾಡಿ ಹತ್ತಿದರೆ ಅಳಿಯಂದಿರ ಮರ್ಯಾದೆ ಏನಾಗಬೇಕು ಎಂದು ಮಾವ ಒಪ್ಪಲಿಲ್ಲ. ಆಮೇಲೆ ಕಿಟಕಿಯಲ್ಲಿ ಕಾಣುತ್ತಿದ್ದ ಬೆಟ್ಟದ ಕಡೆ ನೋಡಿ, ತಮಗೆ ತಾವೇ ಅಂದುಕೊಳ್ಳುವ ಹಾಗೆ ಹೇಳಿದರು. "ಆಗದಿದ್ರೆ ಇಲ್ಲಿಂದ್ಲೇ ಕೈ ಮುಗುದ್ಬುಡ್ತೀನಿ ಬುಡಿ. ಅವನಿಗೆ ಕಾಣಕ್ಕಿಲ್ವಾ."

ಅವರು ಬೈದಿದ್ದರೆ ನಾನು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ. ಈ ಮಾತು ಕೇಳಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಹಳೇ ಪುಸ್ತಕದ ಅಂಗಡಿಯಲ್ಲಿ ಕಾರುಗಳ ಬಗ್ಗೆ ಒಂದು ಇಂಗ್ಲಿಷ್ ಪತ್ರಿಕೆ ಸಿಕ್ಕಿತು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಎಂಜಿನ್ನಿಗೆ ಪೆಟ್ರೋಲು ಎಷ್ಟು ಮುಖ್ಯವೋ ಗಾಳಿಯೂ ಅಷ್ಟೇ ಮುಖ್ಯವಂತೆ. ಬಾನೆಟ್ಟಿನೊಳಗಿನ ಕಾದ ಗಾಳಿಗಿಂತ ಹೊರಗಿನ ತಣ್ಣನೆಯ ಗಾಳಿ ಕುಡಿಸಿದರೆ ಎಂಜಿನ್ನಿಗೆ ಶಕ್ತಿ ಹೆಚ್ಚುತ್ತದಂತೆ. ನನಗೆ ಮೈಯೆಲ್ಲ ಜುಮ್ಮೆಂದಿತು. ನಮ್ಮ ಕಾರು ಕೈಲಾಗದ್ದಲ್ಲ, ಉಸಿರು ಕಟ್ಟಿದ್ದು ಅಷ್ಟೇ. ಆ ವಾರವೆಲ್ಲ ಕಾರ್ಖಾನೆಯ ಬಸ್ಸಿನಲ್ಲಿ ಕೂತು ನಂಜನಗೂಡು ರಸ್ತೆಯ ಲಾರಿಗಳು ಎಲ್ಲಿಂದ ಗಾಳಿ ಎಳೆಯುತ್ತವೆ ಎಂದು ಕತ್ತು ಚಾಚಿ ಚಾಚಿ ನೋಡಿದೆ. ಡಬ್ಬಗಳ ಲೆಕ್ಕ ತಪ್ಪಿ ಮ್ಯಾನೇಜರ ಕೈಲಿ ಅನ್ನಿಸಿಕೊಂಡೆ.

ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ದಪ್ಪನೆಯ ಪಿವಿಸಿ ಪೈಪು, ಒಂದು ಬೆಂಡು ಕೇಳಿದೆ. ಬಾತ್‌ರೂಮಿಗೋ ಟೆರೇಸಿಗೋ ಎಂದು ಅಂಗಡಿಯವನು ಕೇಳಿದ. ಕಾರಿಗೆ ಅಂದೆ. ಅವನು ಮತ್ತೇನೂ ಕೇಳದೆ ಕಟ್ಟಿಕೊಟ್ಟ. ಪೈಪಿನ ಒಂದು ತುದಿಯನ್ನು ಎಂಜಿನ್ನಿನ ಗಾಳಿಡಬ್ಬಿಯ ಬಾಯಿಗೆ ಕ್ಲಿಪ್ಪು ಹಾಕಿ ಬಿಗಿದೆ. ಇನ್ನೊಂದು ತುದಿಯನ್ನು ಮುಂದುಗಡೆಯ ಜಾಲರಿ ಕೊಯ್ದು, ಹೆಡ್‌ಲೈಟಿನ ಪಕ್ಕಕ್ಕೆ ಹೊರಗೆ ಹಾಯಿಸಿದೆ. ಇನ್ನು ಕಸಕಡ್ಡಿ ಒಳಗೆ ಹೋಗಬಾರದಲ್ಲ. ಅಡಿಗೆಮನೆಯಲ್ಲಿ ಹುಡುಕಿದಾಗ ಕಾಫಿ ಫಿಲ್ಟರಿನೊಳಗೆ ಪುಡಿ ಒತ್ತುವ ತೂತಿನ ಬಿಲ್ಲೆ ಕಣ್ಣಿಗೆ ಬಿತ್ತು. ಪೈಪಿನ ಒಳತುದಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಡಿಕಾಕ್ಷನ್ನು ಸೋಸುವುದು ಗಾಳಿಯನ್ನು ಸೋಸದೇ ಇರುತ್ತದೆಯೇ? ಅವತ್ತಿನಿಂದ ಮನೆಯ ಕಾಫಿ ಕೆಆರ್‌ಎಸ್ಸಿನ ಹೊಸ ನೀರಿನ ಹಾಗೆ ಬರತೊಡಗಿತು. ಗಿರಿಜೆ ಪುಡಿ ಅಂಗಡಿಯವನನ್ನು ಬೈದಳು. ನಾನೂ ಅವಳ ಜೊತೆ ಸೇರಿ ಇನ್ನೆರಡು ಬೈದೆ.

ರಿಂಗ್ ರಸ್ತೆಯಲ್ಲಿ ಓಡಿಸಿ ನೋಡಿದರೆ ಕಾರು ಶಂಖ ಊದಿದ ಹಾಗೆ ಸದ್ದು ಮಾಡಿತು. ಸದ್ದು ಜಾಸ್ತಿಯಾದರೆ ಶಕ್ತಿಯೂ ಜಾಸ್ತಿಯಾಗಿದೆ ಎಂದು ನಂಬುವ ಜನ ನಾವು. ಮನೆಗೆ ಬಂದವನೇ ಮಾವನಿಗೆ ಫೋನು ಮಾಡಿ, ಆಯುಧಪೂಜೆಯ ದಿನ ಬೆಟ್ಟಕ್ಕೆ ಹೋಗಿಯೇ ಹೋಗುತ್ತೇವೆ, ಯಾರೂ ಇಳಿಯುವ ಹಾಗಿಲ್ಲ ಎಂದು ಹೇಳಿಬಿಟ್ಟೆ.

ಹಬ್ಬದ ದಿನ ಬೆಳಗ್ಗೆ ಅತ್ತೆ ಮಾವ ಬಂದರು. ಮಾವ ಮೊದಲು ಮಾಡಿದ ಕೆಲಸವೆಂದರೆ ಮನೆಯಲ್ಲಿದ್ದ ಕಬ್ಬಿಣವನ್ನೆಲ್ಲ ಮಣೆಯ ಮೇಲೆ ಪೇರಿಸಿದ್ದು. ಈಳಿಗೆಮಣೆ, ಕತ್ತರಿ, ಸುತ್ತಿಗೆ, ನನ್ನ ಸ್ಪ್ಯಾನರು, ಸ್ಕ್ರೂಡ್ರೈವರು, ಇಕ್ಕಳ, ಒಂದನ್ನೂ ಬಿಡಲಿಲ್ಲ. ಎಲ್ಲಕ್ಕೂ ವಿಭೂತಿ ಬಳಿದು ಹೂವಿಟ್ಟು, ಮಾರನೇ ದಿನ ಕದಲಿಸುವವರೆಗೆ ಯಾರೂ ಮುಟ್ಟಕೂಡದು ಅಂದರು. ಕಾರಿಗೆ ಬೇಕಾದೀತು, ಒಂದು ಸ್ಕ್ರೂಡ್ರೈವರಾದರೂ ಇರಲಿ ಮಾವ ಅಂದೆ. ವರ್ಷಕ್ಕೊಂದು ದಿನ ಅವಕ್ಕೂ ರೆಸ್ಟು ಬೇಡವೇ ಅಂದರು. ಗಿರಿಜೆಯ ಮುಖದಲ್ಲಿ ಅವತ್ತಿನಷ್ಟು ನೆಮ್ಮದಿಯನ್ನು ನಾನು ಬೇರೆ ಯಾವ ಹಬ್ಬದಲ್ಲೂ ನೋಡಿಲ್ಲ.

ಆಮೇಲೆ ಕಾರಿನ ಪೂಜೆ. ಮಾವ ಬಾನೆಟ್ಟಿನ ಮೇಲೆ ಮೂರು ಬೆರಳಲ್ಲಿ ಅಡ್ಡಕ್ಕೆ ವಿಭೂತಿ ಎಳೆದು, ಕೆಳಗೆ ನೋಡಿ, ಅದೇನು ತೂತು ಎಂದು ಕೇಳಿದರು. ಅದು ಕಾರಿನ ಮೂಗು ಮಾವ, ಉಸಿರಾಡಲಿ ಎಂದು ನಾನೇ ಮಾಡಿದ್ದು ಅಂದೆ. ಅವರಿಗೆ ಬಹಳ ಹಿಡಿಸಿತು. ಮೂಗಿಗೂ ವಿಭೂತಿ ಇಟ್ಟು, ಗಂಧ ಹಚ್ಚಿ, ಸೇವಂತಿಗೆ ಹಾರವನ್ನು ಅದರ ಸುತ್ತ ಸುತ್ತಿದರು. ಮಂಗಳಾರತಿ ಹೊತ್ತಿಗೆ ಎಂಜಿನ್ ಓಡುತ್ತಿರಬೇಕು ಎನ್ನುವುದು ನಮ್ಮಲ್ಲಿ ಪದ್ಧತಿ. ನಾನು ಸ್ಟಾರ್ಟು ಮಾಡಿ, ಹೆಮ್ಮೆಗೆ ಆಕ್ಸಿಲರೇಟರನ್ನೂ ಸ್ವಲ್ಪ ಹೆಚ್ಚೇ ಒತ್ತಿದೆ. ಮಾವ ಸಾಂಬ್ರಾಣಿ ಧೂಪ ಹಿಡಿದರು. ಆ ಹೊಗೆ ಅತ್ತಿತ್ತ ಹೋಗದೆ ಹಗ್ಗದ ಹಾಗೆ ನೇರವಾಗಿ ಪೈಪಿನೊಳಕ್ಕೆ ಹೋಯಿತು.

ಮಾವನ ಕಣ್ಣು ಅರಳಿತು. "ನೋಡವ್ವ ಗಿರಿಜಾ, ಧೂಪ ತಗೋತಾವ್ನೆ ಕಣವ್ವ. ನನ್ ಜೀವಮಾನ್ದಲ್ಲಿ ಇಂಗೆ ತಗೊಂಡಿದ್ ನೋಡಿರ್ನಿಲ್ಲ."

ಒಂದು ಚಿಟಿಕೆ ವಿಭೂತಿ ತೋರಿಸಿದರು, ಸುರ್ರೆಂದು ಒಳಗೆ ಹೋಯಿತು. ಹೂವಿನ ಎಸಳು ಹಿಡಿದರು, ಅದೂ ಹೋಯಿತು. ಕೊಟ್ಟಷ್ಟನ್ನೂ ಸ್ವೀಕರಿಸುವ ದೇವರು ಸಿಕ್ಕಿದ ಮೇಲೆ ಗ್ರಂಧಿಗೆ ಅಂಗಡಿಯವರ ಕೈ ನಿಲ್ಲುತ್ತದೆಯೇ? ಹಿಡಿಹಿಡಿಯಾಗಿ ಅರ್ಪಿಸಿದರು. ನಾನು ಒಳಗೆ ಕೂತು ಎಲ್ಲ ನೋಡುತ್ತಿದ್ದೆ. ಸಾಕು ಮಾವ ಅನ್ನಬೇಕಾಗಿತ್ತು. ಆದರೆ ನಾನು ಮಾಡಿದ ಒಂದು ವಸ್ತುವನ್ನು ನಮ್ಮ ಕಡೆಯವರು ಭಕ್ತಿಯಿಂದ ನೋಡಿದ್ದು ಅದೇ ಮೊದಲು. ಆಕ್ಸಿಲರೇಟರನ್ನು ಇನ್ನೂ ಸ್ವಲ್ಪ ಒತ್ತಿದೆ.

ಊರು ದಾಟುವವರೆಗೆ ಕಾರು ಮಧ್ಯೆ ಮಧ್ಯೆ ಕೆಮ್ಮಿತು, ಅಷ್ಟೇ. ಬೆಟ್ಟದ ಮೊದಲ ಏರಿಗೆ ಬಂದಾಗ ಹಿಂದೆ ಕಪ್ಪು ಹೊಗೆ ಬಿಟ್ಟು, ಒಂದು ಸಲ ನಡುಗಿ ನಿಂತೇಬಿಟ್ಟಿತು. ಹಿಂದೆ ಹೂವಿನ ಹಾರ ಹಾಕಿಕೊಂಡ ಲಾರಿ, ಬಸ್ಸು, ಸ್ಕೂಟರುಗಳ ಸಾಲು. ಒಂದೇ ಸಮನೆ ಹಾರ್ನ್ ಹೊಡೆತ. ನಾನು ಓಡಿಹೋಗಿ ಹಿಂದಿದ್ದ ಲಾರಿಯ ಡ್ರೈವರನ್ನು ಒಂದು ಸ್ಕ್ರೂಡ್ರೈವರು ಕೊಡಿ ಎಂದು ಕೇಳಿದೆ. ಇವತ್ತು ಆಯುಧ ಕೇಳುತ್ತೀರಲ್ಲ ಸಾರ್, ನೀವು ಯಾವ ಊರಿನವರು ಎಂದು ಅವನು ನನ್ನನ್ನೇ ವಿಚಾರಿಸಿದ. ಬೇರೆ ದಾರಿಯಿಲ್ಲದೆ ಬಾನೆಟ್ಟು ಎತ್ತಿ, ಬಂಪರಿಗೆ ಕಾಲು ಕೊಟ್ಟು, ಎರಡೂ ಕೈಯಲ್ಲಿ ಪೈಪು ಹಿಡಿದು ಎಳೆದೆ. ಪೈಪು ಕಿತ್ತು ಬಂತು. ನಾನು ಅದನ್ನು ತಬ್ಬಿಕೊಂಡು ಚರಂಡಿಯಲ್ಲಿ ಕೂತೆ. ಒಳಗಿನಿಂದ ಸೇವಂತಿಗೆ ಎಸಳು, ಗಂಧ, ವಿಭೂತಿ ಎಲ್ಲ ಕಲಸಿಕೊಂಡ ಒಂದು ಉಂಡೆ ಬಿತ್ತು. ಅದರ ಹಿಂದೆಯೇ ತೂತಿನ ಬಿಲ್ಲೆ ಟಣ್ ಎಂದು ಉರುಳಿತು. ಗಿರಿಜೆ ಅದನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸಿ, ಬ್ಯಾಗಿಗೆ ಹಾಕಿಕೊಂಡಳು.

ಕಾರು ಸ್ಟಾರ್ಟಾಯಿತು. ಆದರೆ ಹಳೇ ಶಕ್ತಿಯೇ. ಸ್ವಲ್ಪ ದೂರ ತೆವಳಿ, ಏರಿನಲ್ಲಿ ಮತ್ತೆ ಏದುಸಿರು. ಆಗ ಮಾವ ಸದ್ದಿಲ್ಲದೆ ಬಾಗಿಲು ತೆಗೆದು, ಕೋಲನ್ನು ಹೊರಗೆ ಊರಿ, ಒಂದು ಕಾಲು ಕೆಳಗಿಟ್ಟರು. "ನಾನು ನಿಧಾನಕ್ಕೆ ಬತ್ತೀನಿ, ನೀವು ನಡೀರಿ" ಅಂದರು. ಅತ್ತೆ ತಲೆ ತಗ್ಗಿಸಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅಪ್ಪ, ನೀವು ಕಾಲು ಒಳಕ್ಕೆ ತಗೊಳ್ಳಿ" ಅಂದಳು ಗಿರಿಜೆ. "ರೀ, ನೀವು ಇಳೀರಿ."

"ನಾನು ಇಳಿದ್ರೆ ಓಡ್ಸೋರು ಯಾರೇ?"

"ನಾನು. ಲೈಸೆನ್ಸ್ ಏನು ಫೋಟೋ ಚೆನ್ನಾಗಿದೆ ಅಂತ ಇಟ್ಕೊಂಡಿದೀನಾ?"

ಅವಳು ಡ್ರೈವಿಂಗ್ ಶಾಲೆಗೆ ಹೋಗಿ ಕಲಿತದ್ದು ನಿಜ. ಏರುರಸ್ತೆ ಹೆಂಗಸರಿಗೆ ಕಷ್ಟ ಎಂದು ನಾನೇ ಅವಳನ್ನು ರಾಜೀವನಗರದ ಗಡಿ ದಾಟಲು ಬಿಟ್ಟಿರಲಿಲ್ಲ. ಇಳಿದೆ. ನಾನು ಇಳಿದ ಕೂಡಲೇ ಕಾರು ಒಂದು ಗೇಣು ಮೇಲಕ್ಕೆದ್ದದ್ದನ್ನು ಲಾರಿ ಡ್ರೈವರೂ ನೋಡಿದ. ನನ್ನ ತೂಕವನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಟೈಪಿಂಗ್ ತಪ್ಪು ಎಂದುಕೊಂಡೀರಿ. ಗಿರಿಜೆ ಫಸ್ಟ್ ಗೇರಿಗೆ ಹಾಕಿ, ಗುಡಿಗೆ ಪ್ರದಕ್ಷಿಣೆ ಬರುವವಳ ಹಾಗೆ ಆತುರವಿಲ್ಲದೆ ತಿರುವು ತಿರುಗಿ ಹೋದಳು. ಕಾರು ಕೆಮ್ಮಲೂ ಇಲ್ಲ.

ಪೈಪನ್ನು ಎಸೆಯೋಣ ಅಂದರೆ ಅದಕ್ಕೆ ಪೂಜೆಯಾಗಿದೆ. ಹೆಗಲ ಮೇಲೆ ಹೊತ್ತುಕೊಂಡೇ ನಡೆದೆ. ವಿಭೂತಿ, ಕುಂಕುಮ, ಅರ್ಧ ಹಾರ ಅಂಟಿಕೊಂಡ ಆ ಪೈಪನ್ನು ನೋಡಿ ಜನ ದಾರಿ ಬಿಟ್ಟರು. ಒಬ್ಬ ಅಜ್ಜಿ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಯಾವೂರ ಹರಕೆ ಸ್ವಾಮಿ ಎಂದು ಕೇಳಿದರು. ರಾಜೀವನಗರದ್ದು ತಾಯಿ ಅಂದೆ. ಅದಕ್ಕಿಂತ ಹೆಚ್ಚು ಮಾತಾಡಲು ನನ್ನಲ್ಲಿ ಉಸಿರು ಉಳಿದಿರಲಿಲ್ಲ.

ಮೇಲೆ ತಲುಪಿದಾಗ ಮಾವ ಮಹಾಬಲೇಶ್ವರನ ಗುಡಿಯ ಕಟ್ಟೆಯ ಮೇಲೆ ಕೂತಿದ್ದರು. ಹಣೆಯಲ್ಲಿ ಹೊಸ ವಿಭೂತಿ. ಎಷ್ಟೋ ದಿನದಿಂದ ಮುಖದ ಮೇಲಿದ್ದ ಗಂಟು ಬಿಚ್ಚಿತ್ತು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೈಗೆ ಪ್ರಸಾದ ಹಾಕಿದರು.

"ಅಳಿಯಂದ್ರೆ, ನಿಮ್ ರಿಪೇರಿ ಕೆಲಸ ಮಾಡ್ತು ಕಣ್ರೀ. ಹೂ ಎತ್ದಂಗೆ ಹತ್ಬುಡ್ತು ನೋಡಿ."

ಅವರು ನಿಜವಾಗಿ ಹೊಗಳಿದರೋ ಇಲ್ಲವೋ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಗಿರಿಜೆಯನ್ನು ಕೇಳಿದರೆ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋಗುತ್ತಾಳೆ. ವಾಪಸು ಹೊರಡುವಾಗ ನಾನು ಡ್ರೈವರ್ ಸೀಟಿನ ಬಾಗಿಲ ಹತ್ತಿರ ಹೋಗಿ ನಿಂತೆ. ಅವಳು ಇಳಿಯಲಿಲ್ಲ, ಗಾಜನ್ನೂ ಇಳಿಸಲಿಲ್ಲ. ಇಳಿಜಾರಿಗೆ ತೂಕ ಇದ್ದರೆ ಒಳ್ಳೆಯದೇ ಎಂದು ಮಾವ ಶಿಫಾರಸು ಮಾಡಿದ ಮೇಲೆ ಹಿಂದಿನ ಸೀಟಿನಲ್ಲಿ ಜಾಗ ಸಿಕ್ಕಿತು. ಆಮೇಲೆ ಮಾವ ಇನ್ನೂ ಕೆಲವು ನವರಾತ್ರಿಗಳಲ್ಲಿ ಅದೇ ಕಾರಿನಲ್ಲಿ, ಮಗಳ ಪಕ್ಕದಲ್ಲಿ ಕೂತು, ಒಂದು ವರ್ಷವೂ ತಪ್ಪದೆ ಬೆಟ್ಟಕ್ಕೆ ಹೋಗಿ ಬಂದರು. ನಾನು ಸಿಟಿ ಬಸ್ಸಿನಲ್ಲಿ ಹೋಗಿ ಅವರನ್ನು ಮೇಲೆ ಸೇರಿಕೊಳ್ಳುತ್ತಿದ್ದೆ.

ನಿಮ್ಮಲ್ಲೂ ಯಾರಾದರೂ ಗಾಡಿಗೆ ಶಕ್ತಿ ಬರಲಿ ಎಂದು ಇಂಥದ್ದೇನಾದರೂ ಮಾಡಿದ್ದರೆ ದಯವಿಟ್ಟು ಬರೆದು ತಿಳಿಸಿ. ನಿಧಾನವಾಗಿಯಾದರೂ ಪೂರ್ತಿ ಓದುತ್ತೇನೆ. ಅದರಲ್ಲೂ ಯಜಮಾನನನ್ನು ಕೆಳಗಿಳಿಸದೆಯೇ ಕಾರನ್ನು ಬೆಟ್ಟ ಹತ್ತಿಸಿದವರು ಇದ್ದರೆ ಆ ಉಪಾಯವನ್ನು ತಪ್ಪದೇ ಬರೆಯಿರಿ. ಗಿರಿಜೆ ಬೇಡ ಅಂದಿದ್ದಾಳೆ, ಆದರೆ ಕೈ ಸುಮ್ಮನಿರುತ್ತಿಲ್ಲ.