ತ್ರಿಪುರಸುಂದರಿಗೆ ಮಂಜೂರಾದ ಆಸನ

1983ರಲ್ಲಿ ಸಿದ್ಧಕಟ್ಟೆಯಿಂದ ಮೂಡುಬಿದಿರೆಗೆ ತಲೆಗಿಷ್ಟು ಬಾಡಿಗೆಗೆ ಓಡುತ್ತಿದ್ದ ಹಸನಬ್ಬನ ಅಂಬಾಸಿಡರ್ ಸರ್ವಿಸ್ ಕಾರಿನಲ್ಲಿ ಐದು ಮಂದಿಗೆ ಪರವಾನಗಿಯೂ ಹದಿನಾಲ್ಕು ಮಂದಿಗೆ ಜಾಗವೂ ಇತ್ತು. ಕಾರು ಓಡಿಸುವ ಹಸನಬ್ಬನಿಗೂ ಬಲಬಾಗಿಲಿಗೂ ನಡುವಿನ ಜಾಗ ಬಹುಕಾಲದಿಂದ ನೋಣಯ್ಯನದು. ತಿರುವಿನಲ್ಲಿ ಸ್ಟಿಯರಿಂಗ್ ಎಳೆಯಲು ಅವನೂ ಕೈ ಸೇರಿಸುತ್ತಿದ್ದ.

ಮೂಡುಬಿದಿರೆಯ ಹೈಸ್ಕೂಲೊಂದರಲ್ಲಿ ತಾತ್ಕಾಲಿಕವಾಗಿ ವಿಜ್ಞಾನ ಕಲಿಸುತ್ತಿದ್ದ ಶಂಕರಿ, ಒಂದು ವರ್ಷದ ಮಗಳು ತ್ರಿಪುರಸುಂದರಿಯನ್ನು ಮಡಿಲಲ್ಲಿಟ್ಟುಕೊಂಡು ದಿನಾ ಇದೇ ಕಾರಿನಲ್ಲಿ ಹೋಗಿ, ಶಾಲೆಯ ಪಕ್ಕದ ತಾಯಿಮನೆಯಲ್ಲಿ ಬಿಡುತ್ತಿದ್ದಳು. ಒಮ್ಮೆ ತಿರುವಿನಲ್ಲಿ ಎಡಬಾಗಿಲು ತಾನಾಗಿ ತೆರೆದುಕೊಂಡಿತು. ಸೊಪ್ಪು ಮಾರುವ ಸೇಸಮ್ಮನ ಬಸಳೆಯ ಕಟ್ಟು ರಸ್ತೆಗೆ ಹೋಯಿತು. ಮಗು ಹೋಗಲಿಲ್ಲ, ಫ್ರಾಕಿನ ತುದಿ ಶಂಕರಿಯ ಮುಷ್ಟಿಯಲ್ಲಿತ್ತು.

ಅವಳು ಕುವೈತಿನ ಅಣ್ಣನಿಗೆ ಹೇಳಿ ಮಕ್ಕಳ ಸುರಕ್ಷತಾ ಸೀಟು ತರಿಸಿದಳು.

ಕಾರಿಗೆ ಸೀಟು ಸೇರಿಸುವುದು ಸರ್ವಿಸ್ ಕಾರು ಸಂಘದ ಅಧಿಕಾರವಾದ್ದರಿಂದ ಅಧ್ಯಕ್ಷ ಮಹೇಶ್ವರರು ಸ್ಥಳ ಪರಿಶೀಲನೆಗೆ ಬಂದರು.

"ಎದುರು ಇಟ್ಟರೆ ಗೇರ್ ಹಾಕ್ಲಿಕ್ಕೆ ಆಗುವುದಿಲ್ಲ," ಎಂದ ಹಸನಬ್ಬ.

"ನನ್ನ ಜಾಗ ಕೇಳ್ಬೇಡಿ," ಎಂದ ನೋಣಯ್ಯ. "ಮಗು ಸ್ಟಿಯರಿಂಗ್ ಎಳೀತದಾ ಮಾರಾಯ್ರೇ?"

"ಡಿಕ್ಕಿಯಲ್ಲಿ ಇಡುವ," ಎಂದರು ಅಧ್ಯಕ್ಷರು. "ಗಾಳಿಯೂ ಉಂಟು."

"ಡಿಕ್ಕಿಯಲ್ಲಿ ನಾನುಂಟು," ಎಂದಳು ಸೇಸಮ್ಮ. "ಬಸಳೆ ಹೋದ ಮೇಲೆ ಅಲ್ಲಿಯೇ ಕೂರುವುದು. ಅಲ್ಲಿ ಬಾಗಿಲು ತೆರೆಯುವ ಭಯ ಇಲ್ಲ. ತೆರೆದೇ ಇರ್ತದೆ."

"ಹಿಂದಿನ ಸೀಟಿನ ನಡುವೆ," ಎಂದಳು ಶಂಕರಿ. "ಎರಡೂ ಬಾಗಿಲಿಗೆ ದೂರ, ಗಾಜಿಗೂ ದೂರ."

"ಅಲ್ಲಿ ಮೂರು ಮಂದಿ ಕೂರ್ತಾರೆ."

"ಅಲ್ಲಿರುವುದು ಒಬ್ಬರ ಜಾಗ."

"ನಾನೂ ಅದನ್ನೇ ಹೇಳಿದ್ದು," ಎಂದರು ಅಧ್ಯಕ್ಷರು.

ಎರಡು ದಿನಗಳಲ್ಲಿ ಚಹಾದಂಗಡಿಯ ಬಾಗಿಲಿಗೆ ಪ್ರಕಟಣೆ ಅಂಟಿತು: "ಹಿಂದಿನ ಆಸನದ ಮಧ್ಯಭಾಗದಲ್ಲಿ ಶಿಶು ಆಸನವನ್ನು ಸ್ಥಾಪಿಸಲು ಅನುಮತಿಸಲಾಗಿದೆ. ಸದರಿ ಆಸನವೂ ಆಸನವೇ ಆಗಿರುವುದರಿಂದ, ಆಸನವೊಂದಕ್ಕೆ ಕನಿಷ್ಠ ಇಬ್ಬರು ಎಂಬ ನಿಯಮವು ಅದಕ್ಕೂ ಅನ್ವಯಿಸತಕ್ಕದ್ದು. ಭರ್ತಿಯಾಗದೆ ಕಾರು ಹೊರಡತಕ್ಕದ್ದಲ್ಲ. ಶಿಶುಗಳಿಗೆ ಪೂರ್ಣ ದರ."

ಮರುದಿನ ಬೆಳಿಗ್ಗೆ ಹಸನಬ್ಬ ತೆಂಗಿನ ಹಗ್ಗದಿಂದ ಸೀಟನ್ನು ಬಿಗಿಯಾಗಿ ಕಟ್ಟಿದ. ತ್ರಿಪುರಸುಂದರಿ ಕೂತಳು. ಡಿಕ್ಕಿಯೂ ತುಂಬಿತು. ಕಾರು ಹೊರಡಲಿಲ್ಲ.

"ಒಂದು ಮಗು ಬಾಕಿ ಉಂಟು."

"ಹಸನಬ್ಬ, ಇದು ಒಂದೇ ಮಗುವಿಗೆ ಮಾಡಿದ ಸೀಟು."

"ಕಾರು ಸಹ ಐದು ಮಂದಿಗೆ ಮಾಡಿದ್ದೇ ಅಲ್ವಾ ಟೀಚರೇ?"

ಶಂಕರಿ ವಾಚು ನೋಡಿದಳು. ಇನ್ನೊಮ್ಮೆ ತಡವಾದರೆ ಬರುವುದೇ ಬೇಡವೆಂದು ಹೆಡ್ಮಾಸ್ಟರು ಹೇಳಿದ್ದರು. ಮಗುವನ್ನು ಮತ್ತೆ ಮಡಿಲಿಗೆ ತೆಗೆದುಕೊಳ್ಳಬಹುದಿತ್ತು. ಅವಳು ಎಡಬಾಗಿಲನ್ನು ನೋಡಿದಳು. ಅದನ್ನು ಹಸನಬ್ಬ ತನ್ನ ಹೆಗಲ ಬೈರಾಸಿನಿಂದ ಕಟ್ಟಿದ್ದ.

ಶಂಕರಿ ಕೆಳಗಿಳಿದು ಕೂಗಿದಳು. "ಮೂಡುಬಿದಿರೆ! ಮೂಡುಬಿದಿರೆ! ಒಂದು ಮಗುವಿಗೆ ಜಾಗ ಉಂಟು!"

ಚಹಾದಂಗಡಿಯ ಅಮ್ಮಣಿ ಸೊಂಟದ ಮೇಲಿನ ಮಗನನ್ನು ನೋಡಿದಳು. "ನಡುವಿನ ಸೀಟಾ?"

"ನಡುವಿನದೇ."

"ಹಾಗಾದರೆ ಕರ್ಕೊಂಡು ಹೋಗಿ. ಅಲ್ಲಿ ಇವನಿಗೆ ಸ್ಟಿಯರಿಂಗ್ ಎಳೆಯುವ, ಬಾಗಿಲು ಹಿಡಿಯುವ ಕೆಲಸ ಇಲ್ಲ. ಸಂಜೆ ತನ್ನಿ."

ಇಬ್ಬರಿಗೂ ಸೇರಿಸಿ ಪಟ್ಟಿ ಬಿಗಿಯಲಾಯಿತು. ಇಬ್ಬರನ್ನೂ ತಾಯಿಮನೆಯಲ್ಲಿ ಬಿಟ್ಟು ಶಂಕರಿ ಮೊದಲ ಗಂಟೆಗೆ ಶಾಲೆ ತಲುಪಿದಳು.

ಸಂಜೆಯವರೆಗೆ ಮಗುವಿನ ಚಿಂತೆ ಇಲ್ಲವೆಂದು ತಿಳಿದು ಮುಂದಿನ ವಾರದಿಂದ ಸಿದ್ಧಕಟ್ಟೆಯ ತಾಯಂದಿರು ಬೆಳಿಗ್ಗೆ ಮಕ್ಕಳಿಗೆ ಪೌಡರು ಹಾಕಿ ಕಾರಿನ ಬಳಿ ಸಾಲು ನಿಲ್ಲಿಸತೊಡಗಿದರು. ಶಂಕರಿ ಚೀಲದಿಂದ ಸ್ಕೇಲು ತೆಗೆದು ಒಂದೊಂದೇ ಸೊಂಟ ಅಳೆದು, ಎಲ್ಲಕ್ಕಿಂತ ತೆಳ್ಳಗಿನದನ್ನು ಹತ್ತಿಸಿಕೊಳ್ಳುತ್ತಿದ್ದಳು.